ಕುರ್ಚಿಯ ಕೆಳಗಿನ ಅನಾನಸ್

ತೈನಾನ್
ಜೂನ್ ೯, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ತಮ್ಮನ ಮನೆಯ ಮೆಟ್ಟಿಲು ಹತ್ತಿ ಇಳಿದು ಹೆಚ್ಚಾಗಿರಬೇಕು. ಬಾಣಂತಿ, ಮಗು ಚೆನ್ನಾಗಿದ್ದಾರೆಂದು ಕೇಳಿ ಸಂತೋಷವಾಯಿತು. ತಮ್ಮನ ಹೆಂಡತಿಗೆ ದಿನಾ ಎಳ್ಳೆಣ್ಣೆಯ ಕೋಳಿ ಸಾರು ಮಾಡಿ ಬಡಿಸುತ್ತಿದ್ದೀಯಂತೆ. ಬಡಿಸು, ಬೇಡವೆನ್ನುವುದಿಲ್ಲ. ನನಗೆ ಜ್ವರ ಬಂದಾಗ ನೀನು ಗಂಜಿಯಲ್ಲೇ ಮುಗಿಸಿದ್ದು ನೆನಪಾಯಿತು, ಅಷ್ಟೆ. ಫೋನು ಮಾಡಿದರೆ ಅವಳೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾಳೆ, ಅದಕ್ಕೇ ಈ ಕಾಗದ.

ನಮ್ಮ ಮಾನಸಿಕ ಚಿಕಿತ್ಸೆಯ ಕ್ಲಿನಿಕ್ಕಿಗೆ ಯೂಆನ್ ಎಂಬ ಹೊಸ ನರ್ಸ್ ಬಂದಿದ್ದಾಳೆಂದು ಹೇಳಿದ್ದೆನಲ್ಲ. ಇಪ್ಪತ್ತಾರು ವರ್ಷದ ಹುಡುಗಿ. ಬೆಳಿಗ್ಗೆ ನಗುತ್ತಾ ಬರುತ್ತಾಳೆ, ಅದನ್ನು ಸಹಿಸಬಹುದು. ಎಂಬತ್ತು ಜನರ ಗೋಳು ಕೇಳಿ ಸಂಜೆಯೂ ನಗುತ್ತಾ ಹೋಗುತ್ತಾಳೆ, ಅದನ್ನು ಹೇಗೆ ಸಹಿಸಲಿ? ನನಗಾದರೆ ಅಷ್ಟು ಹೊತ್ತಿಗೆ ದವಡೆ ಬಿಗಿದುಕೊಂಡು ಅನ್ನ ಅಗಿಯಲೂ ಆಗುವುದಿಲ್ಲ. ಹೋದ ತಿಂಗಳು ಒಬ್ಬರು ಔಷಧಿ ತಡವಾಯಿತೆಂದು ಲೋಟ ಎಸೆದರು. ಗಾಜು ಗುಡಿಸಿ, ಮುಂದಿನ ನಂಬರು ಕೂಗಿದೆ. ವರ್ಷಕ್ಕೊಮ್ಮೆ ಡಾಕ್ಟರಮ್ಮ ನಮಗೊಂದು ಫಾರಂ ಕೊಡುತ್ತಾರೆ: ಕೆಲಸ ತೃಪ್ತಿ ಕೊಡುತ್ತಿದೆಯೇ, ಒಂದರಿಂದ ಐದರೊಳಗೆ ಬರೆಯಿರಿ ಎಂದು. ಈ ಸಲ ನಾನು ಎಲ್ಲ ಕಡೆ ಮೂರು ಬರೆದೆ, ಮೂರು ಬರೆದವರನ್ನು ಯಾರೂ ಏನೂ ಕೇಳುವುದಿಲ್ಲ. ಯೂಆನ್ ಎಲ್ಲ ಕಡೆ ಐದು ಬರೆದಿದ್ದಳು. ಹೌದು, ಕದ್ದು ನೋಡಿದೆ. ಮೊದಲ ವರ್ಷಗಳಲ್ಲಿ ಆ ಐದು ನನ್ನದಾಗಿತ್ತು.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಅವಳು ಕೋ ತಾತನನ್ನೂ ಕಿತ್ತುಕೊಂಡಳು. ಬಸ್ ಓಡಿಸಿ ನಿವೃತ್ತರಾದವರು, ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಬಂದು ನನ್ನೆದುರೇ ಕೂರುತ್ತಿದ್ದರು. ಎದೆ ಡವಗುಟ್ಟಿದಾಗ ತಮ್ಮ ಹಳೆಯ ಬಸ್ಸಿನ ನಿಲ್ದಾಣಗಳನ್ನು ಒಂದೊಂದಾಗಿ ಹೇಳುತ್ತಾರೆ. ಸಕ್ಕರೆ ಕಾರ್ಖಾನೆ ಆದ ಮೇಲೆ ತಡವರಿಸುತ್ತಾರೆ. ನಾನು "ಮೀನು ಮಾರುಕಟ್ಟೆ, ತಾತ" ಎನ್ನಬೇಕು. ಆಮೇಲೆ ಕೊನೆಯವರೆಗೂ ಹೋಗಿ ಮುಟ್ಟುತ್ತಾರೆ. ಎರಡು ತಿಂಗಳಿಂದ ಅವರು ನನ್ನನ್ನು ದಾಟಿಕೊಂಡು ಹೋಗಿ ಯೂಆನ್ ಎದುರು ಕೂರುತ್ತಿದ್ದಾರೆ. ಹೊಟ್ಟೆ ಉರಿಯಿತು ಅಮ್ಮಾ, ಸುಳ್ಳು ಹೇಳುವುದಿಲ್ಲ.

ಅನಾನಸ್ಸಿನ ಹೆಸರೇ ನಮ್ಮ ಮಾತಿನಲ್ಲಿ ‘ಭಾಗ್ಯ ಬಾ’ ಎಂದಂತೆ ಕೇಳುತ್ತದಲ್ಲ, ಅದನ್ನು ಇಟ್ಟರೆ ಜನ ನುಗ್ಗುತ್ತಾರೆಂದು ಅಂಗಡಿಯವರು ಅದನ್ನು ತೂಗುಹಾಕುತ್ತಾರೆ, ಅದೇ ಭಯಕ್ಕೆ ಆಸ್ಪತ್ರೆಯವರು ಮುಟ್ಟುವುದಿಲ್ಲ. ಹನ್ನೊಂದು ವರ್ಷ ನಮ್ಮ ತೋಟದ ಒಂದು ಹಣ್ಣನ್ನೂ ನಾನು ಕ್ಲಿನಿಕ್ಕಿನ ಹೊಸ್ತಿಲು ದಾಟಿಸಿದವಳಲ್ಲ. ನೀನು ತಮ್ಮನ ಮನೆಗೆ ಹೋಗುವ ಮುಂಚೆ ಕಳಿಸಿದ ಪೆಟ್ಟಿಗೆಯಿಂದ ಚೆನ್ನಾಗಿ ಮಾಗಿದ್ದೊಂದನ್ನು ಆರಿಸಿ, ಶುಕ್ರವಾರ ಸಂಜೆ ಯೂಆನ್ ಕುರ್ಚಿಯ ಕೆಳಗೆ ಬಚ್ಚಿಟ್ಟೆ. ಈ ಶನಿವಾರವೊಂದು ನನಗೆ ರಜೆಯಿತ್ತು. ಅವಳ ನಗು ಎಲ್ಲಿಯವರೆಗೆ ಇರುತ್ತದೋ ನೋಡೋಣವೆಂದುಕೊಂಡೆ. ತಡೆಯಲಾರದೆ, ಛತ್ರಿ ಮರೆತ ನೆಪ ಮಾಡಿಕೊಂಡು ಹನ್ನೊಂದಕ್ಕೆ ಹೋದೆ.

ಜನ ಬಾಗಿಲಾಚೆಯವರೆಗೂ ನಿಂತಿದ್ದರು. ಯೂಆನ್ ವಾಸನೆಯಲ್ಲೇ ಹಣ್ಣು ಹಿಡಿದುಬಿಟ್ಟಿದ್ದಳು. ಕ್ಲಿನಿಕ್ಕಿನಲ್ಲಿ ಚಾಕು ಇಡುವಂತಿಲ್ಲವಲ್ಲ, ಪಕ್ಕದ ನೂಡಲ್ ಅಂಗಡಿಯಲ್ಲಿ ಹೋಳು ಮಾಡಿಸಿಕೊಂಡು ಬಂದು ಎಲ್ಲರಿಗೂ ಹಂಚುತ್ತಿದ್ದಳು. "ಲೀಶ್ಯಾ ಅಕ್ಕ, ನಿಮ್ಮ ತೋಟದ್ದೇ ಅಲ್ವಾ? ಬೇಗ ತಿಂದು ಮುಗಿಸಿದ್ರೆ ಜನ ಕಮ್ಮಿ ಆಗ್ತಾರೇನೋ ಅಂತ" ಎಂದು ನಕ್ಕಳು. ಊರಲ್ಲಿ ಅನಾನಸ್ ತೋಟ ಇರುವ ನರ್ಸ್ ನಾನೊಬ್ಬಳೇ ಎಂಬುದು ಬಚ್ಚಿಡಲು ಹೊರಟಾಗ ನನಗೇ ಹೊಳೆದಿರಲಿಲ್ಲ. ಹಣ್ಣು ನಮ್ಮದು, ಹೊಗಳಿಕೆ ಅವಳಿಗೆ.

ಆಗ ಕೋ ತಾತ ಒಂದು ಹೋಳು ಹಿಡಿದುಕೊಂಡು ನನ್ನ ಹತ್ತಿರ ಬಂದರು. ನಾನು ತೆಗೆದುಕೊಳ್ಳಲಿಲ್ಲ. ಈಗೆಲ್ಲ ನನ್ನ ನೆನಪಾಗುವುದಿಲ್ಲವೇನೋ ಎಂದು ಕುಟುಕಿದೆ. ಅವರು ತಲೆ ಕೆರೆದುಕೊಂಡು, "ಮೂವತ್ತು ವರ್ಷ ಬಸ್ ಓಡಿಸ್ದೋನು ತಾಯಿ ನಾನು. ತುಂಬಿದ ಬಸ್ಸು ನೋಡಿದ್ರೆ ಗೊತ್ತಾಗಲ್ವಾ? ನೀವು ತುಂಬೋಗಿದ್ರಿ. ಇನ್ನೊಬ್ಬ ಹತ್ತಿದ್ರೆ ಕಷ್ಟ ಅಂತ ಹಿಂದೆ ಬರೋ ಬಸ್ಸಿಗೆ ಹೋದೆ" ಎಂದರು.

ಹಣ್ಣು ತಿಂದೆ. ತುಂಬ ಸಿಹಿಯಾಗಿತ್ತು ಅಮ್ಮಾ. ಎಲ್ಲರ ಮುಂದೆ ಅತ್ತುಬಿಟ್ಟೆ. ರೋಗಿಗಳೇ ಎದ್ದು ನನಗೆ ಕುರ್ಚಿ ಕೊಟ್ಟರು.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ಮಗುವಿಗೆ ಮುತ್ತು, ತಮ್ಮನಿಗೂ ಅವನ ಹೆಂಡತಿಗೂ ಕೇಳಿದೆನೆಂದು ಹೇಳು.

ನಿನ್ನ ಮಗಳು,
ಲೀಶ್ಯಾ

ಮರೆತಿದ್ದೆ: ಹಳೆಯ ಫಾರಂ ವಾಪಸ್ಸು ಇಸಿದುಕೊಂಡು ಹರಿದುಹಾಕಿ, ನಿನ್ನೆಯೇ ಹೊಸದರಲ್ಲಿ ಎಲ್ಲ ಕಡೆ ಒಂದು ಎಂದು ಬರೆದುಕೊಟ್ಟೆ. ಡಾಕ್ಟರಮ್ಮ ಓದಿ, ಹದಿನೈದು ದಿನ ರಜೆ ಬರೆದರು. ಶುಕ್ರವಾರದ ರೈಲಿಗೆ ಅಲ್ಲಿಗೇ ಬರುತ್ತೇನೆ. ನನಗೂ ಒಂದು ಬಟ್ಟಲು ಕೋಳಿ ಸಾರು ಇಡು, ಅವಳ ಬಟ್ಟಲಿಗಿಂತ ಚಿಕ್ಕದು ಬೇಡ. ನಾನು ಕೆಲಸಕ್ಕೆ ವಾಪಸ್ಸಾಗುವವರೆಗೆ ಇರಲೆಂದು ಕೋ ತಾತನ ನಿಲ್ದಾಣಗಳನ್ನೆಲ್ಲ ಯೂಆನ್‌ಗೆ ಪಟ್ಟಿ ಮಾಡಿಕೊಟ್ಟಿದ್ದೇನೆ. ಮೀನು ಮಾರುಕಟ್ಟೆಯೊಂದನ್ನು ಬರೆದಿಲ್ಲ.