ದಿಂಬಿನ ಪಕ್ಕದ ಮಣ್ಣಿನ ಕಪ್ಪೆ

ಮೋಚೆ, ಮಂಗಳವಾರ

ಅಕ್ಕಾ, ಒಲೆಯ ಮೇಲಿನ ಸಾರು ಇಳಿಸಿಟ್ಟು ಇದನ್ನು ಓದು.

ಮದುವೆಯಾಗಿ ಬೆಟ್ಟ ಇಳಿದು ಈ ಕಡಲತೀರಕ್ಕೆ ಬಂದಾಗಿನಿಂದ ನಮ್ಮತ್ತೆ ಸೊರೈದಾ ಅವರಿಗೆ ನಾನು ಹಿಡಿಸಿಲ್ಲವೆಂದೇ ಅಂದುಕೊಂಡಿದ್ದೆ. ಅವರು ಹಳೆಯ ಗೋರಿಗಳಲ್ಲಿ ಸಿಗುವ ಪ್ರಾಣಿಯಾಕಾರದ ಮಡಕೆಗಳಂಥವನ್ನೇ ಮಾಡಿ ಮಾರುತ್ತಾರೆ. ನಿನ್ನೆ ಬೆಳಿಗ್ಗೆ ಕಣ್ಣು ಬಿಟ್ಟರೆ ದಿಂಬಿನ ಪಕ್ಕದಲ್ಲಿ ಮಣ್ಣಿನ ಕಪ್ಪೆಯೊಂದು ನನ್ನನ್ನೇ ನೋಡುತ್ತ ಕೂತಿತ್ತು. ನಮ್ಮೂರಲ್ಲಿ ಯಾರಾದರೂ ಕಪ್ಪೆ ಇಟ್ಟರೆ ಅದು ಮಾಟವೇ ತಾನೇ? ಶಾಲಿನಲ್ಲಿ ಸುತ್ತಿ ಅಂಗಳಕ್ಕೆ ಒಯ್ದೆ.

"ಅತ್ತೆ, ನಾನು ಬೇಡ ಅಂದ್ರೆ ಬಾಯಿಬಿಟ್ಟು ಹೇಳಿ. ಮಾಟ ಯಾಕೆ ಮಾಡಿಸ್ತೀರ?" ಎಂದೆ.

ಅತ್ತೆ ಮಣ್ಣುಗೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏ ಬೆಟ್ಟದ ಪೆದ್ದಿ, ಅದರ ಬೆನ್ನು ನೋಡೇ. ಮೆಕ್ಕೆಜೋಳದ ತೆನೆ ಮೂಡಿಲ್ವಾ? ಮಳೆ ಕರೆಯೋ ಕಪ್ಪೆ ಅದು, ಫಲ ಕೊಡೋ ಕಪ್ಪೆ. ಮೀನಿನ ತಟ್ಟೆ ಕಂಡ್ರೆ ಬಾಯಿ ಮುಚ್ಕೊಂಡು ಓಡ್ತೀಯಲ್ಲ, ಮೂರು ಹೆತ್ತೋಳಿಗೆ ಗೊತ್ತಾಗಲ್ವಾ?"

ನನಗೇ ಗೊತ್ತಿರಲಿಲ್ಲ ಅಕ್ಕಾ. ಇಂದು ಆಸ್ಪತ್ರೆಯ ನರ್ಸ್ ಕೂಡ ಹೌದೆಂದಳು. ನನ್ನ ಗಂಡ ವಿಲ್ಮರ್ ಬೀದಿಯಲ್ಲಿ ನಿಂತು ದಾರಿಹೋಕರಿಗೆಲ್ಲ ಜೋಳದ ಹೆಂಡ ಕುಡಿಸುತ್ತಿದ್ದಾನೆ. ಅತ್ತೆ ಅವನನ್ನು ಬೈಯುತ್ತ ತಾವೂ ಕುಡಿಯುತ್ತಿದ್ದಾರೆ. ನನಗಂತೂ ನಗು ನಿಲ್ಲುತ್ತಿಲ್ಲ, ಅಕ್ಷರ ಸೊಟ್ಟಗಾಗಿದ್ದಕ್ಕೆ ಅದೇ ಕಾರಣ.

ಆರೋಗ್ಯ ಚೆನ್ನಾಗಿದೆ. ಬೇಯಿಸಿದ ಆಲೂಗಡ್ಡೆ ಬಿಟ್ಟು ಬೇರೇನೂ ಸೇರುತ್ತಿಲ್ಲ, ನಮ್ಮ ಹೊಲದ್ದು ಒಂದು ಚೀಲ ಬಸ್ಸಿಗೆ ಹಾಕಿಸು. ಕಾರ್ಡು ತುಂಬಿತು. ಅಮ್ಮನಿಗೆ ನೀನೇ ಹೇಳು. ಮೊದಲು ಕೂರಿಸು, ಆಮೇಲೆ ಹೇಳು.

ನಿನ್ನ ತಂಗಿ
ನೆಲಿದಾ