ಒಲ್ಲೆನೆಂದ ವರನ ಊರಿಗೆ

ಹೌಯು
ಚಾಂದ್ರಮಾನದ ಮೂರನೆಯ ತಿಂಗಳು, ಇಪ್ಪತ್ತೈದು

ಪ್ರೀತಿಯ ಯುಯೆಛಿನ್ ಅತ್ತೆಗೆ,

ಇವತ್ತು ಬೆಳಿಗ್ಗೆ ನೋಡಿದರೆ, ಹೊಸ್ತಿಲ ಬಳಿ ಬಿಟ್ಟಿದ್ದ ಅಪ್ಪನ ರಬ್ಬರ್ ಬೂಟಿನೊಳಗೆ ಒಂದು ಪುಟ್ಟ ಹಳದಿ ಚಪ್ಪಲಿ ತೂರಿಕೊಂಡಿತ್ತು. ಅಪ್ಪ ಅದನ್ನು ತೆಗೆದಿಟ್ಟು ಬೂಟು ಹಾಕಿಕೊಳ್ಳಬಹುದಿತ್ತು. ಹಾಗೆ ಮಾಡದೆ ಅಮ್ಮನ ಬಿಗಿ ಬೂಟಿನಲ್ಲಿ ಕಾಲು ತುರುಕಿಕೊಂಡು, ಕುಂಟುತ್ತ ಸಿಂಪಿ ಕೀಳಲು ಕಡಲಿಗೆ ಇಳಿದಿದ್ದಾರೆ. ಯಾರ ಚಪ್ಪಲಿ ಅದು ಎಂದು ನೀವು ಕೇಳುತ್ತೀರಿ. ಅದನ್ನು ಹೇಳುವುದಕ್ಕೇ ಈ ಪತ್ರ.

ನಿಮ್ಮ ಹಿಂದಿನ ಪತ್ರ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲಿಲ್ಲ. ಕೋಪ ಮಾಡಿಕೊಳ್ಳಬೇಡಿ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ ಎನ್ನುವುದು ನಿಮಗೆ ಗೊತ್ತು. ಬರೆಯೋಣವೆಂದರೆ, ಕಥೆ ಯಾವ ಕಡೆ ಹೊರಳುತ್ತದೋ ಗೊತ್ತಿಲ್ಲದೆ ಬರೆಯಲು ಭಯವಾಗುತ್ತಿತ್ತು. ಕಡಲಾಚೆ ನಿಮ್ಮ ಪೆನಾಂಗ್‌ನಲ್ಲಿ ಸೆಖೆ ಹೇಗಿದೆ? ಮಂಡಿನೋವು ಕಡಿಮೆಯಾಯಿತೇ? ಅಮ್ಮ ನಿಮಗೆ ಒಣ ಸಿಗಡಿ ಕಳಿಸುತ್ತೇನೆಂದು ಹೇಳುತ್ತಲೇ ಇದ್ದಾಳೆ, ಹೇಳುತ್ತಲೇ ಅದನ್ನು ಗಂಜಿಗೆ ಹಾಕಿ ಮುಗಿಸುತ್ತಲೂ ಇದ್ದಾಳೆ.

ಮೊದಲಿನಿಂದ ಹೇಳುತ್ತೇನೆ. ಮೊದಲ ತಿಂಗಳ ದೀಪದ ಹಬ್ಬದಂದು ಕಡಲ ತಾಯಿ ಮಾಜು ದೇವಿಯ ಗುಡಿಯಲ್ಲಿ ಧೂಪಪಾತ್ರೆಯ ಯಜಮಾನಿಕೆಗೆ ಪ್ರತಿ ವರ್ಷದಂತೆ ಮರದ ಜೋಡಿ ಚಂದ್ರಬಿಲ್ಲೆ ಎಸೆದು ದೇವಿಯನ್ನು ಕೇಳಿದರು. ನಮ್ಮ ಮನೆಯಿಂದ ಅಪ್ಪ ಹಾಕಬೇಕಿತ್ತು. ಆದರೆ ಆ ವಾರವೇ ಅವರು ಗೆಳೆಯನ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರು. ಮೈಲಿಗೆಯ ಕೈ ಬಿಲ್ಲೆ ಮುಟ್ಟಬಾರದು. ಅಮ್ಮನಿಗೆ ಕೈನೋವು. "ನೀನೇ ಹೋಗೇ ಬಿಯುನ್, ಸುಮ್ನೆ ಒಂದು ಸಲ ಎಸೆದು ಬಾ. ನಮ್ಮ ಮನೆಗೆ ಯಾವತ್ತು ಬಂದಿದೆ ಅದು?" ಎಂದಳು. ಗುಡಿಯ ತುಂಬ ಗಂಡಸರು. ನಾನು ತಲೆ ತಗ್ಗಿಸಿಕೊಂಡು ಎಸೆದೆ. ಒಂದು ಬಿಲ್ಲೆ ಚಪ್ಪಟೆ ಮೇಲಾಗಿ, ಒಂದು ಉಬ್ಬು ಮೇಲಾಗಿ ಬಿತ್ತು. ದೇವಿಯ ಒಪ್ಪಿಗೆ. ಮತ್ತೆ ಎಸೆದೆ, ಮತ್ತೆ ಒಪ್ಪಿಗೆ. ಹಾಗೇ ಬೀಳುತ್ತ ಹೋಯಿತು. ಬಿಡದೆ ಹೆಚ್ಚು ಸಲ ಒಪ್ಪಿಗೆ ಬಿದ್ದವರಿಗೇ ಪಾತ್ರೆ; ಉಳಿದವರಿಗೆಲ್ಲ ತಪ್ಪಿದರೂ ನನಗೆ ತಪ್ಪಲಿಲ್ಲ. ಬೇಕೆಂದೇ ವಕ್ರವಾಗಿ ಎಸೆದು ನೋಡಿದೆ, ಆಗಲೂ ಒಪ್ಪಿಗೆಯೇ!

ಗುಡಿ ನೋಡಿಕೊಳ್ಳುವ ಶುಯಿಫಾ ಅಜ್ಜ ಗಡ್ಡ ಕೆರೆದುಕೊಂಡರು. "ಹೆಣ್ಣು ಹುಡುಗಿ ಯಜಮಾನಿನಾ? ಅದೂ ಬಾಯೇ ಇಲ್ಲದ ಹುಡುಗಿ?"

ಹೊರಗಿನಿಂದ ಅಮ್ಮ ಕೂಗಿದಳು: "ಪಾತ್ರೆ ಯಾರ್ದು ಶುಯಿಫಾ ಅಣ್ಣ? ದೇವೀದು. ದೇವಿ ಏನು ಗಂಡಸಾ?"

ಹೀಗೆ ಪಾತ್ರೆ ನಮ್ಮ ನಡುಮನೆಗೆ ಬಂತು. ಬೆಳಿಗ್ಗೆ ಸಂಜೆ ಅದಕ್ಕೆ ಧೂಪ ಹಚ್ಚುವುದು ನನ್ನ ಕೆಲಸ. ಪಾತ್ರೆಯ ಜೊತೆಗೆ ಇನ್ನೊಂದು ಹಕ್ಕೂ ಬಂತು. ದೇವಿಯ ಹುಟ್ಟುಹಬ್ಬದ ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು ಎಂದು ಹೇಳುವವರು ಆ ವರ್ಷದ ಯಜಮಾನರೇ. ಎಲ್ಲರೂ ಹಳೆಯ ದಾರಿಯನ್ನೇ ಹೇಳುತ್ತಾರೆ, ಆದರೆ ಹೇಳುವ ಹಕ್ಕು ಅವರದೇ.

ಅಕ್ಕ ಸೇತುವೆಯಾಚೆಯ ಶಿತಾಂಗಿನ ಹುಡುಗನನ್ನು ಮದುವೆಯಾಗಿ ಮೂರು ವರ್ಷವಾಯಿತಲ್ಲ. ಅಂದಿನಿಂದ ಅಪ್ಪ ಆ ಸೇತುವೆಯ ಕಡೆ ಮುಖಮಾಡಿ ಕೂತು ಸಿಂಪಿಯನ್ನೂ ಬಿಡಿಸುತ್ತಿರಲಿಲ್ಲ. ಅಮ್ಮ ಮಾತ್ರ ಪೇಟೆಯಲ್ಲಿ ಸಿಂಪಿ ಮಾರುವ ನೆಪದಲ್ಲಿ ಅಕ್ಕನನ್ನೂ ಮಗುವನ್ನೂ ನೋಡಿ ಬರುತ್ತಿದ್ದಳು. ಅವಳ ತೋಳಿನ ಮೇಲೆ ಮಗುವಿನ ಜೊಲ್ಲು ಒಣಗಿದ ಗುರುತು ಇರುತ್ತಿತ್ತು. ಅಪ್ಪ ಅದನ್ನು ನೋಡುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಅಕ್ಕನನ್ನು ಮನೆಗೆ ಕರೆಸುವ ದಾರಿ ನನಗೆ ತಿಳಿಯದು. ದೇವಿಯನ್ನು ಅಕ್ಕನ ಬಾಗಿಲಿಗೆ ಕಳಿಸುವ ಹಕ್ಕಾದರೂ ಕೈಗೆ ಬಂದಿತ್ತು.

ಗುಡಿಯ ಸಭೆಯಲ್ಲಿ ಹೇಳಿದೆ. ಅಂದರೆ ಒಂದು ಚೀಟಿಯಲ್ಲಿ ಬರೆದು ಶುಯಿಫಾ ಅಜ್ಜನ ಕೈಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

"ಶಿತಾಂಗಿಗಾ? ಆ ವೈದ್ಯದೇವರ ಊರಿಗಾ? ಕಾಲೇಜು ಓದಿದೀಯಲ್ಲಮ್ಮ, ಕಥೆ ಗೊತ್ತಿಲ್ವಾ? ಅವನು ನಮ್ಮ ಮಾಜು ಅಮ್ಮನ್ನ ಮದುವೆಗೆ ಕೇಳಿದ. ಅಮ್ಮ ಹೂಂ ಅಂದಳು. ಆಮೇಲೆ ದಾರೀಲಿ ಒಂದು ಕುರಿ ಮರಿ ಹಾಕೋ ಸಂಕಟ ನೋಡಿ, ಈ ಸಂಸಾರವೇ ನಂಗೆ ಬೇಡಪ್ಪ ಅಂತ ವಾಪಸ್ಸು ಬಂದಳು. ಅಂದಿನಿಂದ ಇವಳ ಹಬ್ಬದ ದಿನ ಅವನು ಗಾಳಿ ಬಿಟ್ಟು ತಲೆವಸ್ತ್ರ ಹಾರಿಸ್ತಾನೆ. ಅವನ ಹಬ್ಬದ ದಿನ ಇವಳು ಮಳೆ ಸುರಿಸಿ ಅವನ ಮುಖದ ಪೌಡರ್ ತೊಳೀತಾಳೆ. ಅದಕ್ಕೇ ತಾನೇ ಈ ಎರಡೂರಿಗೆ ಹೆಣ್ಣು ಕೊಟ್ಟು ತರೋದಿಲ್ಲ? ಒಲ್ಲೆ ಅಂದ ಹುಡುಗಿ ಅವನ ಬಾಗಿಲಿಗೇ ಮೆರವಣಿಗೆ ಹೋಗ್ತಾಳಾ?"

"ಒಲ್ಲೆ ಅಂದಿದ್ದು ಮದುವೆಗೆ" ಎಂದಳು ಅಮ್ಮ. "ಮಾತೇ ಆಡಲ್ಲ ಅಂತ ಯಾವಾಗ ಅಂದಳು? ಹೆರಿಗೆ ನೋವಿಗೆ ಹೆದರಿದಳು ಪಾಪ. ಯಾರು ಹೆದರಲ್ಲ? ನೀನು ಹೆತ್ತು ನೋಡು ಗೊತ್ತಾಗತ್ತೆ."

ಗಂಡಸರೆಲ್ಲ ನಕ್ಕರು. ಅಪ್ಪ ಮಾತ್ರ ಗೋಡೆ ನೋಡುತ್ತಿದ್ದರು. ಕೊನೆಗೆ ಶುಯಿಫಾ ಅಜ್ಜ, "ನಂಗೂ ಬೇಡ, ನಿಂಗೂ ಬೇಡ. ದೇವೀನೇ ಕೇಳಿಬಿಡು. ಮೂರು ಸಲ ಬಿಡದೆ ಒಪ್ಪಿಗೆ ಬಿದ್ರೆ ಹೋಗೋಣ. ಇಲ್ಲ ಅಂದ್ರೆ ಈ ಜನ್ಮದಲ್ಲಿ ಈ ಮಾತು ಎತ್ತಬೇಡ" ಎಂದು ಬಿಲ್ಲೆಗಳನ್ನು ಕೈಗಿಟ್ಟರು.

ಮಂಡಿಯೂರಿ ಮನಸ್ಸಿನಲ್ಲೇ ಕೇಳಿ ಎಸೆದೆ. ಎರಡೂ ಚಪ್ಪಟೆ ಮೇಲಾಗಿ ಬಿದ್ದು ತೊಟ್ಟಿಲಿನಂತೆ ತೂಗಿದವು. ದೇವಿ ನಗುತ್ತಿದ್ದಾಳೆ ಎಂದರ್ಥ. "ನೋಡಿದ್ಯಾ, ನಿನ್ನ ಬುದ್ಧಿಗೆ ನಗ್ತಾ ಇದಾಳೆ" ಎಂದು ಯಾರೋ ಅಂದರು.

"ನಗದೆ ಇನ್ನೇನು!" ಅಮ್ಮ ನನ್ನ ಬೆನ್ನಿಗೆ ಗುದ್ದಿದಳು. "ಹೆಸರು ಹೇಳಿದ್ಯಾ? ಯಾರ ಮಗಳು, ಯಾವ ಮನೆ ಅಂತ ಹೇಳಿದ್ಯಾ? ತುಟಿ ಅಲ್ಲಾಡಿಸಿದ್ರೆ ಅವಳಿಗೆ ಹೇಗೆ ತಿಳೀಬೇಕು? ಸಾವಿರ ವರ್ಷ ಆಯ್ತು ಅವಳಿಗೆ, ಕಿವಿ ಮಂದ ಆಗಿರತ್ತೆ. ಜೋರಾಗಿ ಕೇಳೇ!"

ಅತ್ತೆ, ಕಾಲೇಜಿನಲ್ಲಿ ನಾಲ್ಕು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಬಂದವಳು ನಾನು. ಪದ್ಯ ಓದು ಎಂದರೆ ಬೆವರುತ್ತಿದ್ದೆ. ಅವತ್ತು ನನ್ನ ಗಂಟಲಿನಿಂದ ಹೊರಟದ್ದು ಯಾರ ದನಿಯೋ ಎಂದು ನಾನೇ ತಿರುಗಿ ನೋಡುವಂತಿತ್ತು. "ನಾನು ಝುವಾಂಗ್ ಬಿಯುನ್! ಹೌಯುವಿನ ಹಡಗುಕಟ್ಟೆ ಬೀದಿಯ ಕೊನೇ ಮನೆಯವಳು! ನನ್ನ ಅಕ್ಕ ಬಿಹೆ ಸೇತುವೆಯಾಚೆ ಇದ್ದಾಳೆ. ಅವಳ ಮಗು ನಿನ್ನ ಮುಖ ನೋಡಿಲ್ಲ, ಅಜ್ಜನ ಮುಖ ನೋಡಿಲ್ಲ. ಅವಳಿಗೆ ಇಲ್ಲಿಗೆ ಬರೋಕಾಗಲ್ಲ. ನೀನು ಹೋಗ್ತೀಯಾ?"

ಒಪ್ಪಿಗೆ. ಒಪ್ಪಿಗೆ. ಮೂರನೆಯ ಸಲ ಒಂದು ಬಿಲ್ಲೆ ಉರುಳಿಕೊಂಡು ಹೋಗಿ ಅಪ್ಪನ ಕಾಲ ಬಳಿ ನಿಂತಿತು. ಎಲ್ಲರೂ ಬಗ್ಗಿ ನೋಡಿದರು. ಉಬ್ಬು ಮೇಲಾಗಿತ್ತು. ಇನ್ನೊಂದು ಚಪ್ಪಟೆ. ಹೆಂಗಸರು ಹೋ ಎಂದು ಕೂಗಿದ್ದಕ್ಕೆ ಗುಡಿಯ ಪಾರಿವಾಳಗಳೆಲ್ಲ ಹಾರಿಹೋದವು.

ಅಪ್ಪ ಎದ್ದು ನಿಂತು ಒಂದೇ ಮಾತು ಹೇಳಿದರು. "ದೇವಿ ಹೋದ್ರೆ ಅವಳನ್ನ ಹೊತ್ತು ನನ್ನ ಹೆಗಲು ಹೋಗತ್ತೆ. ನಾನು ಹೋಗಲ್ಲ."

ಅಪ್ಪ ಹದಿನೆಂಟರಿಂದಲೂ ಪಲ್ಲಕ್ಕಿಯ ಮುಂದಿನ ಬಲಗಡೆಯ ದಂಡಿಗೆಯನ್ನು ಹೊರುವವರು. ಹೆಗಲು ಹೋಗಿ ಅಪ್ಪ ಹೋಗದಿರುವುದು ಹೇಗೆಂದು ಅಮ್ಮ ಮೂರು ದಿನ ಊಟಕ್ಕೆ ಬಡಿಸುವಾಗಲೆಲ್ಲ ಕೇಳಿದಳು. "ಈಗ ಅನ್ನ ಯಾರಿಗೆ, ನಿಂಗಾ, ಹೆಗಲಿಗಾ?"

ಮೊನ್ನೆ ಇಪ್ಪತ್ಮೂರಕ್ಕೆ ಹೊರಟೆವು. ಧೂಪಪಾತ್ರೆ ಹಿಡಿದು ನಾನು ಮುಂದೆ, ಹಿಂದೆ ತಮಟೆ, ಕಹಳೆ, ಅದರ ಹಿಂದೆ ದೇವಿ. ಸೇತುವೆಯ ನಡುವಿಗೆ ಬಂದಾಗ ಗಾಳಿ ಎದ್ದಿತು. ದೇವಿಯ ಮುಖದ ಮುಂದಿನ ಮಣಿಸರಗಳೆಲ್ಲ ಕಿಣಿಕಿಣಿ ಎಂದವು. "ಶುರು ಮಾಡಿದ ನೋಡು!" ಎಂದರು ಶುಯಿಫಾ ಅಜ್ಜ. ಅಮ್ಮ ಎರಡೂ ಕೈಯಿಂದ ತನ್ನ ಟೋಪಿ ಒತ್ತಿ ಹಿಡಿದುಕೊಂಡು, "ಸಿಟ್ಟಲ್ಲ ಅದು, ಸಂಭ್ರಮ. ಇಷ್ಟು ವರ್ಷಕ್ಕೆ ಬಂದಳಲ್ಲ ಅಂತ ಉಸಿರು ಬಿಟ್ಟಿದಾನೆ" ಎಂದಳು.

ಸೇತುವೆಯ ಆ ತುದಿಯಲ್ಲಿ ಕಂಡದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಶಿತಾಂಗಿನವರು ತಮ್ಮ ವೈದ್ಯದೇವರನ್ನು ಕುರ್ಚಿಸಮೇತ ಹೊತ್ತು ತಂದು ಸ್ವಾಗತಕ್ಕೆ ನಿಲ್ಲಿಸಿದ್ದರು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಆದರೂ ದೇವರ ತಲೆಯ ಮೇಲೆ ಒಬ್ಬ ಮುದುಕ ದೊಡ್ಡ ಎಣ್ಣೆಕಾಗದದ ಛತ್ರಿ ಹಿಡಿದಿದ್ದ! "ಯಾರಿಗೆ ಗೊತ್ತು, ನಿಮ್ಮಮ್ಮನ ಬುದ್ಧಿ" ಎಂದ ಆತ. "ಪೌಡರ್ ಈಗ ತಾನೇ ಹಚ್ಚಿದೀವಿ." ಎರಡೂ ಊರಿನವರು ಒಟ್ಟಿಗೆ ನಕ್ಕರು, ಅತ್ತೆ. ಇನ್ನೂ ಯಾರೂ ಯಾರನ್ನೂ ಮಾತಾಡಿಸಿರಲಿಲ್ಲ, ನಗು ಮೊದಲು ದಾಟಿತು. ಪಲ್ಲಕ್ಕಿಯೂ ಕುರ್ಚಿಯೂ ಎದುರುಬದುರು ಬಾಗಿದವು. ಪಟಾಕಿಯ ಹೊಗೆಯಲ್ಲಿ ಯಾರ ಮುಖವೂ ಕಾಣಿಸಲಿಲ್ಲ.

ಹೊಗೆ ಸರಿದಾಗ ದಾರಿಯುದ್ದಕ್ಕೂ ಜನ ಬೋರಲು ಮಲಗಿದ್ದರು, ದೇವಿ ತಮ್ಮ ಮೇಲೆ ಹಾದುಹೋಗಲೆಂದು. ಶಿತಾಂಗಿನವರು ಇದಕ್ಕೆ ಎಷ್ಟು ತಲೆಮಾರಿನಿಂದ ಕಾದಿದ್ದರೋ. ಹೊರುವವರು ಎರಡೂ ಪಕ್ಕ ಕಾಲಿಡುತ್ತ, ನಡುವೆ ದೇವಿ ತೇಲುತ್ತ ಹೊರಟಳು. ಮಲಗಿದವರಿಗಾಗಿ ಪಲ್ಲಕ್ಕಿ ಪಕ್ಕಕ್ಕೆ ಸರಿಯುವಂತಿಲ್ಲ, ನಿಲ್ಲುವಂತಿಲ್ಲ. ಸಾಲಿನ ಕೊನೆಯಲ್ಲಿ ಅಕ್ಕ ಇದ್ದಳು. ಅವಳ ತೋಳಿನ ಕೆಳಗೆ ಮಗು ಮುಖ ಹೊರಗೆ ಚಾಚಿ ಬರುವ ಕಾಲುಗಳನ್ನು ನೋಡುತ್ತಿತ್ತು.

ಅಲ್ಲಿ ಪಲ್ಲಕ್ಕಿ ನಿಂತಿತು.

"ಏನಾಯ್ತು?" ಎಂದು ಹಿಂದಿನವರು ಕೂಗಿದರು. "ಭಾರ" ಎಂದರು ಅಪ್ಪ. ಅವರ ಮುಖ ಕೆಂಪಾಗಿತ್ತು. "ದೇವಿ ಭಾರ ಆಗಿದಾಳೆ. ಏಳ್ತಾ ಇಲ್ಲ." ಜನ ಗುಸುಗುಸು ಎಂದರು. ದೇವಿಗೆ ಏನೋ ಬೇಕಾಗಿದೆ, ಬಿಲ್ಲೆ ತನ್ನಿ, ಕೇಳೋಣ ಎಂದು ಶುಯಿಫಾ ಅಜ್ಜ ಜೋಳಿಗೆ ತಡಕಿದರು.

"ಇದಕ್ಕೂ ಬಿಲ್ಲೆ ಬೇಕಾ?" ಅಮ್ಮನ ದನಿ ಒಡೆದಿತ್ತು. "ಕರೀರಿ ಮಗಳನ್ನ! ಅವಳಿಗೆ ಬೇಕಾಗಿರೋದು ಅದೇ!"

ಅಪ್ಪ ಹೆಗಲಿನ ಮೇಲೆ ದಂಡಿಗೆ ಸರಿಪಡಿಸಿಕೊಂಡರು. ಆಮೇಲೆ ನೆಲ ನೋಡುತ್ತ, "ಬಿಹೆ, ಏಳು. ಮಗೂಗೆ ನೆಲ ತಂಪು" ಎಂದರು. ಮತ್ತೆ, "ರಾತ್ರಿ ಊಟಕ್ಕೆ ಬಾ. ಅವನನ್ನೂ ಕರ್ಕೊಂಡು ಬಾ. ಮನೇಲಿ ಧೂಪಪಾತ್ರೆ ಇದೆ, ಮಗು ಕೈಮುಗೀಲಿ." ಅಕ್ಕ ಏಳಲಿಲ್ಲ. "ಮೊದಲು ದೇವಿ ದಾಟಲಿ ಅಪ್ಪ" ಎಂದಳು, ಮುಖ ಎತ್ತದೆ. ನಮ್ಮ ಬಿಹೆ, ಅತ್ತೆ! ಪಲ್ಲಕ್ಕಿ ಹಗುರಾಗಿ ಎದ್ದು ಅವಳ ಮೇಲೆ ಹಾದು ಹೋಯಿತು. ಎರಡೂ ಊರಿನ ತಮಟೆಗಳು ಒಂದೇ ತಾಳಕ್ಕೆ ಬಿದ್ದವು.

ನಿಮಗೊಬ್ಬರಿಗೇ ಒಂದು ಗುಟ್ಟು ಹೇಳುತ್ತೇನೆ. ನಾನು ಮುಂದಿನಿಂದ ತಿರುಗಿ ನೋಡುತ್ತಿದ್ದೆ. ಪಲ್ಲಕ್ಕಿ ನಿಂತ ಮೇಲೆ ಅಪ್ಪ ನಿಲ್ಲಲಿಲ್ಲ. ಅಪ್ಪನ ಹಿಮ್ಮಡಿ ಮೊದಲು ಮಣ್ಣಿನಲ್ಲಿ ಹೂತಿತು, ಪಲ್ಲಕ್ಕಿ ಆಮೇಲೆ ನಿಂತಿತು. ಊರಿನಲ್ಲಿ ಎಲ್ಲರೂ ದೇವಿಯ ಪವಾಡ ಎನ್ನುತ್ತಿದ್ದಾರೆ. ನಾನೂ ಹಾಗೆಯೇ ಹೇಳುತ್ತೇನೆ. ಅದು ಸುಳ್ಳೆಂದು ನನಗೆ ಅನ್ನಿಸುವುದಿಲ್ಲ.

ಅವತ್ತಿನಿಂದ ಅಕ್ಕ, ಭಾವ, ಮಗು ಇಲ್ಲೇ ಇದ್ದಾರೆ. ಭಾವ ಅಪ್ಪನ ಎದುರು ಬಾಯಿ ಬಿಡಲು ಹೆದರಿ ಸಿಂಪಿ ದೋಸೆಯನ್ನು ತಿನ್ನುತ್ತಲೇ ಇದ್ದರು, "ನಿಮ್ಮೂರಲ್ಲಿ ಊಟ ಹಾಕಲ್ವೇನಯ್ಯ?" ಎಂದು ಅಪ್ಪ ಇನ್ನೊಂದು ಬಡಿಸಿದರು. ಮಗು ಅಪ್ಪನ ಬೂಟನ್ನು ದೋಣಿ ಮಾಡಿಕೊಂಡಿದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ದೇವಿ ನಿಮ್ಮ ಕಡಲನ್ನೂ ಶಾಂತವಾಗಿಡಲಿ. ನನಗೆ ಆಶೀರ್ವಾದ ಮಾಡಿ.

ನಿಮ್ಮ
ಬಿಯುನ್

ಮರುಬರಹ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನೆ ಸಂಜೆ ಅಪ್ಪ ಪಾತ್ರೆಯ ಎದುರು ಕೂತು, ಯಾರನ್ನೂ ನೋಡದೆ, "ಸೇತುವೆ ದಾಟೋಕೆ ಹೊರಟವಳು ಬಿಹೆ ಮೊದಲಲ್ಲ" ಎಂದರು. ಆಮೇಲೆ ನಿಮ್ಮ ಹೆಸರು ಹೇಳಿದರು. ಈ ಮನೆಯಲ್ಲಿ ಆ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಡಲು ದಾಟುವ ಪ್ರತಿಯೊಬ್ಬರ ಕೊರಳಿಗೂ ದೇವಿಯ ಕಾವಲಿಗೆಂದು ಈ ಪಾತ್ರೆಯ ಬೂದಿಯ ಕೆಂಪು ಚೀಲ ಕಟ್ಟುತ್ತಾರೆ. ಶಿತಾಂಗಿನವನನ್ನು ಮದುವೆಯಾಗಲು ಹೊರಟಿರೆಂದು ನಿಮಗೆ ಮಾತ್ರ ಅಜ್ಜ, ನಿಮ್ಮ ಅಪ್ಪ, ಕಟ್ಟಗೊಡಲಿಲ್ಲವಂತೆ. ನೀವು ಬರಿ ಕೊರಳಿನಲ್ಲಿ ಹಡಗು ಹತ್ತಿದಿರಿ, ಅಪ್ಪ ನಿಮ್ಮ ಪೆಟ್ಟಿಗೆ ಹೊತ್ತು ತಂದು ಕಟ್ಟೆಯ ಮೇಲೆ ನಿಂತಿದ್ದರು. ಇಷ್ಟು ಪತ್ರಗಳಲ್ಲಿ ನೀವು ಇದನ್ನು ಒಮ್ಮೆಯೂ ಬರೆಯಲಿಲ್ಲ.

ಈ ವರ್ಷ ಪಾತ್ರೆ ನನ್ನದು, ಯಾರನ್ನೂ ಕೇಳಬೇಕಾಗಿಲ್ಲ. ಬೂದಿ ಅಂಚೆಯಲ್ಲಿ ಹೋಗುವಂತಿಲ್ಲ, ಒಬ್ಬರ ಕೊರಳಿನಲ್ಲೇ ಹೋಗಬೇಕು. ಇವತ್ತು ಮಧ್ಯಾಹ್ನ ಚೀಲ ಹೊಲಿದು ತುಂಬಿದ್ದೇನೆ. ನಾಳೆ ಪಾಸ್‌ಪೋರ್ಟ್ ಮಾಡಿಸಲು ಪಟ್ಟಣಕ್ಕೆ ಹೋಗುತ್ತೇನೆ. ನಾನಿಲ್ಲದಾಗ ಪಾತ್ರೆಗೆ ಧೂಪ ಹಚ್ಚುವವಳು ಅಕ್ಕ. ಅವಳಿಗಾಗಲಿ, ಅಪ್ಪನಿಗಾಗಲಿ ಇನ್ನೂ ಹೇಳಿಲ್ಲ.