ಅಳುವ ದೆವ್ವದ ದನಿ

ಮಾರ್ಚ್ 4, ಬೆಳಿಗ್ಗೆ

ಇವತ್ತು ಮತ್ಸ್ಯಕನ್ಯೆ. ಊಟದ ಹೊತ್ತಿಗೆ ಅವಳು ಮುಗಿದರೆ ಮಧ್ಯಾಹ್ನ ಸೀಸೆಯೊಳಗಿನ ಜಿನ್ ಭೂತ. ಉಪ್ಪುನೀರು ಮುಕ್ಕಳಿಸಿದೆ. ಗಂಟಲು ಇವತ್ತೂ ಕರಕರ.

ರೇಡಿಯೊದ ಮಕ್ಕಳ ನಾಟಕಗಳಲ್ಲಿ ದೆವ್ವ, ಡ್ರ್ಯಾಗನ್, ಮಾಟಗಾತಿ ಎಲ್ಲಕ್ಕೂ ನನ್ನದೇ ದನಿ. ರಾಣಿ, ರಾಜಕುಮಾರಿ ಯಾರು ಬೇಕಾದರೂ ಆಗಲಿ. ಮನುಷ್ಯರ ಪಾತ್ರ ಮಾಡುವುದೇನು ಮಹಾ… ಜಂಬ. ಇರಲಿ. ಇಲ್ಲಿ ಓದುವವರು ಯಾರು.

ಅದೇ ದಿನ, ಸಂಜೆ

ಮತ್ಸ್ಯಕನ್ಯೆಯ ಹಾಡಿನ ಮೇಲಿನ ಸ್ವರದಲ್ಲಿ ದನಿ ಕಡಿದುಹೋಯಿತು. ದಾರ ಹರಿದ ಹಾಗೆ. ಗಾಜಿನ ಆ ಕಡೆಯಿಂದ ಸೌಂಡ್ ಇಂಜಿನಿಯರ್ ಕೈ ಎತ್ತಿದ. "ನೀರು ಕುಡೀರಿ ಮೇಡಂ" ಎಂದರು ನಿರ್ದೇಶಕರು. ಕುಡಿದೆ. ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ.

ಮಾರ್ಚ್ 7

ಧ್ವನಿತಂತುವಿನ ಮೇಲೆ ಗಂಟು. ಆಪರೇಷನ್ ಮಾಡಿ ತೆಗೆಯಬೇಕಂತೆ.

"ಭಯಪಡೋ ಗಂಟಲ್ಲ. ಆದ್ರೆ ಮೊದಲಿನ ದನಿನೇ ಬರುತ್ತೆ ಅಂತ ನಾನು ಮಾತು ಕೊಡಲ್ಲ" ಎಂದರು ಡಾಕ್ಟರಮ್ಮ.

"ಜೀವಕ್ಕೇನೂ ತೊಂದ್ರೆ ಇಲ್ವಲ್ಲ, ಅಷ್ಟು ಸಾಕು" ಎಂದರು ಇವರು. ಒಳ್ಳೆಯ ಗಂಡ. ಏನೂ ಅರ್ಥವಾಗುವುದಿಲ್ಲ.

ಮಾರ್ಚ್ 20

ಆಪರೇಷನ್ ಆಯಿತು. ಮಾತಿಲ್ಲ, ಪಿಸುಗುಟ್ಟುವಂತೆಯೂ ಇಲ್ಲ. ಅತ್ತೆಗೆ ಕಿವಿ ಮಂದ. ಅವರಿಗೆ ಕೇಳಿಸುವುದಿಲ್ಲ, ನನಗೆ ಹೇಳಲಾಗುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಇಷ್ಟು ಶಾಂತಿ ಇರಲಿಲ್ಲ.

ಏಪ್ರಿಲ್ 19

ಇವತ್ತು ಮಾತಾಡಲು ಅಪ್ಪಣೆ ಸಿಕ್ಕಿತು. "ಅತ್ತೆ" ಎಂದೆ. ತುಕ್ಕು ಹಿಡಿದ ಗೇಟು ತೆರೆದಂತೆ ಕೇಳಿಸಿತು. ಮಧ್ಯದಲ್ಲಿ ಒಡೆಯುತ್ತದೆ, ಒಂದು ಚೂರು ಮೇಲೆ, ಒಂದು ಚೂರು ಕೆಳಗೆ. ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅಳುವೂ ಒಡಕು.

ಮೇ 2

ನಿರ್ದೇಶಕರ ಫೋನ್. ಬ್ಯಾನ್ಶಿಯ ಹೊಸ ನಾಟಕವಂತೆ. ಎಲ್ಲೋ ದೂರದ ದ್ವೀಪದವರು ನಂಬುವ ಅಳುವ ದೆವ್ವ ಅವಳು. ಒಂದೇ ಮನೆತನಕ್ಕೆ ಅಂಟಿಕೊಂಡು, ಅಲ್ಲಿ ಸಾವು ಬರುವ ಮುನ್ನ ಕಿಟಕಿಯ ಹೊರಗೆ ನಿಂತು ಅಳುತ್ತಾಳೆ. ಹಿಂದೊಮ್ಮೆ ನಾನೇ ಅವಳ ಪಾತ್ರ ಮಾಡಿದಾಗ ನನ್ನ ಕೂಗಿಗೆ ಎಷ್ಟೋ ಮಕ್ಕಳು ಮಂಚದ ಕೆಳಗೆ ಸೇರಿದ್ದವು.

"ಮಾತಿನ ಭಾಗ ಬೇರೆಯವರ ಕೈಲಿ ಮಾಡಿಸ್ತೀವಿ ಮೇಡಂ. ಕೂಗಿಗೆ ನಿಮ್ಮ ಹಳೇ ರೆಕಾರ್ಡಿಂಗ್ ಇದೆಯಲ್ಲ, ಅದನ್ನೇ ಹಾಕ್ತೀವಿ."

"ಈ ಸಲ ಯಾರಿಗೋಸ್ಕರ ಅಳ್ತಾಳೆ?"

"ಮನೆತನದ ಕೊನೇ ಕುಡಿ. ಚಿಕ್ಕ ಹುಡುಗಿ, ಜ್ವರ. ಬ್ಯಾನ್ಶಿನ ನೋಡಿ ಹೆದರದೇ ಇದ್ದವಳು ಅವಳೊಬ್ಬಳೇ."

"ಹಾಗಾದ್ರೆ ಹಳೇ ಕೂಗು ಹೊಂದಲ್ಲ. ಅದು ಕೆಲಸ ಅಂತ ಅಳೋಳ ಕೂಗು. ಇವಳಿಗೆ ಅಳೋಕೆ ಇಷ್ಟ ಇಲ್ಲ."

ಆ ಕಡೆ ಹಾಳೆ ಮಗುಚುವ ಸದ್ದು.

"ಮಾತೂ ನಾನೇ ಮಾಡ್ತೀನಿ, ಅಳುನೂ ನಾನೇ ಅಳ್ತೀನಿ. ಹಿಡಿಸದಿದ್ರೆ ಬೇರೆಯವರನ್ನ ಕರೀರಿ, ಬೇಜಾರಿಲ್ಲ. ಹಳೇದನ್ನ ತಂದು ಅಂಟಿಸಬೇಡಿ."

ಹೆದರಿಕೊಂಡೇ ಹೇಳಿದೆ. ದನಿ ಹೇಗೂ ನಡುಗುವುದೇ ಆದ್ದರಿಂದ ಅವರಿಗೆ ಗೊತ್ತಾಗಿರಲಾರದು.

ಮೇ 5

ಡಾಕ್ಟರಮ್ಮನನ್ನು ಕೇಳಿದೆ. "ಕೂಗೋ ಹಾಗಿಲ್ಲ" ಎಂದರು. "ಕೂಗಲ್ಲ ಡಾಕ್ಟ್ರೇ, ಕೂಗದೇ ಇರೋ ಪಾತ್ರನೇ ಅದು" ಎಂದೆ. ತಲೆ ಅಲ್ಲಾಡಿಸಿದರು. ಒಪ್ಪಿಗೆ ಎಂದುಕೊಂಡು ಎದ್ದು ಬಂದೆ.

ಮೇ 6, ಸಂಜೆ

ಆಯಿತು. ಬರೆದಿಡಬೇಕು, ಎಲ್ಲ ಹಸಿಯಾಗಿರುವಾಗಲೇ.

ಮೈಕಿನ ಮುಂದೆ ಕೂತೆ. ಮಾತಿನ ಭಾಗ ಹೇಗೋ ದಾಟಿತು. ಆಮೇಲೆ ಆ ಜಾಗ: ಹುಡುಗಿ ಮಲಗಿದ್ದಾಳೆ, ಬ್ಯಾನ್ಶಿ ಕಿಟಕಿಯ ಹೊರಗೆ. ಅಳು ಗಂಟಲಿಗೆ ಬಂದಿದೆ, ಬಿಟ್ಟರೆ ಮಗು ಉಳಿಯುವುದಿಲ್ಲ. ಹಲ್ಲು ಕಚ್ಚಿ ತಡೆದೆ. ತಡೆದಷ್ಟೂ ದನಿ ತಾನಾಗಿ ಸೀಳಿತು. ಒಂದು ಎಳೆ ಮೇಲಕ್ಕೆ ತಪ್ಪಿಸಿಕೊಂಡು ಹೋಯಿತು, ಇನ್ನೊಂದು ಎದೆಯೊಳಗೇ ಗೊರಗೊರ ಅಂದಿತು. ಮೊದಲಿನ ದನಿಯಲ್ಲಿ ತಿಪ್ಪರಲಾಗ ಹಾಕಿದರೂ ಇದು ಬರುತ್ತಿರಲಿಲ್ಲ. ಆ ದನಿಗೆ ಒಡೆಯುವುದೇ ಗೊತ್ತಿರಲಿಲ್ಲ.

ಮುಗಿಯಿತು. ಗಾಜಿನ ಆ ಕಡೆ ನೋಡಿದೆ.

"ಕುರ್ಚಿ ಕಿರ್ ಅಂತು ಮೇಡಂ. ಇನ್ನೊಂದು ಸಲ ಹೋಗೋಣ" ಎಂದರು ನಿರ್ದೇಶಕರು.

ಕುರ್ಚಿಯ ಮಾತು. ದನಿಯ ಬಗ್ಗೆ ಒಂದಕ್ಷರ ಇಲ್ಲ! ತಪ್ಪು ಹೇಳಿಸಿಕೊಂಡು ಇಷ್ಟು ಖುಷಿ ಎಂದೂ ಆಗಿರಲಿಲ್ಲ. ಎದ್ದು ನಿಂತೇ ಮಾಡಿದೆ. ಇನ್ನೂ ಚೆನ್ನಾಗಿ ಬಂತು.

"ಸರ್, ಆ ಹಳೇ ಕೂಗು ತೆಗೆದಿಟ್ಟಿದ್ದೆ" ಎಂದ ಇಂಜಿನಿಯರ್.

"ಎಲ್ಲಿಂದ ತೆಗೆದ್ಯೋ ಅಲ್ಲೇ ಇಟ್ಬಿಡಪ್ಪ."

ಅಷ್ಟೇ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಲಿಲ್ಲ. ಸೆರಗು ಹೊದ್ದು ತಲೆಯೆತ್ತಿ ನಡೆದೆ. ಕಾವಲಿನವನು ಯಾಕೋ ಎದ್ದು ನಿಂತ.

ಮೇ 20

ಪ್ರಸಾರವಾಯಿತು. ಅತ್ತೆ ರೇಡಿಯೊಗೆ ಕಿವಿ ಆನಿಸಿ ಕೂತರು. ನಾಟಕದ ಹುಡುಗಿ ಕಣ್ಣು ಬಿಟ್ಟು ನೀರು ಕೇಳುವವರೆಗೂ ಅಲ್ಲಾಡಲಿಲ್ಲ.

"ಯಾರೇ ಅದು, ಅಳೋಳು?"

"ನಾನೇ ಅತ್ತೆ."

"ಹೋಗೇ. ನಿನ್ನ ಅಳು ನಂಗೊತ್ತಿಲ್ವಾ? ನೀನು ಯಾವಾಗ್ಲೂ ಚಂದಕ್ಕೆ ಅಳ್ತಿದ್ದೆ. ಇವಳು ನಿಜವಾಗ್ಲೂ ಅಳ್ತಿದಾಳೆ."

ಇವರು ನಕ್ಕರು. ಬಹುಮಾನ ಬಂದರೂ ಇಷ್ಟು ಹಿಗ್ಗುತ್ತಿರಲಿಲ್ಲ. ನಾನೇ ಎಂದು ಮತ್ತೆ ಹೇಳಲು ಹೋಗಲಿಲ್ಲ.

ಮೇ 24, ಬೆಳಿಗ್ಗೆ

ಸ್ಟುಡಿಯೊದಿಂದ ಫೋನ್. ಬೆಟ್ಟದೊಳಗೆ ಮಲಗಿರುವ ರಾಕ್ಷಸಿಯ ಪಾತ್ರವಂತೆ. ಅವಳು ಎದ್ದರೆ ಕಣಿವೆ ಅದುರಬೇಕು. "ನೀವಲ್ದೆ ಇನ್ಯಾರು ಮೇಡಂ" ಎಂದರು. ನೋಡಿ ಹೇಳುತ್ತೇನೆ ಎಂದೆ. ಸ್ವಲ್ಪ ಕಾಯಲಿ.

ಈಗಷ್ಟೇ ಅವಳ ಆಕಳಿಕೆ ಅಭ್ಯಾಸ ಮಾಡುತ್ತಿದ್ದೆ. ಕಿವಿ ಮಂದವಾದ ಅತ್ತೆ ಊರುಗೋಲು ಎತ್ತಿ ಹಿಡಿದು ಕೋಣೆಗೆ ಬಂದರು, ಒಳಗೆ ಯಾವ ಪ್ರಾಣಿ ನುಗ್ಗಿದೆ ಎಂದು ನೋಡಲು. ನಾನಿನ್ನೂ ಅರ್ಧ ದನಿಯಲ್ಲಿದ್ದೆ. ಪೂರ್ತಿ ತೆಗೆದರೆ—